ಎರಡು ಗಾಲಿಯೋ, ನಾಲ್ಕು ಗಾಲಿಯೋ?

ಧಾರವಾಡದಿಂದ ಅಮ್ಮಿನಬಾವಿ, ಹಾರೋಬೆಳವಡಿ, ಇನಾಂಹೊಂಗಲಗಳನ್ನು ಹಾಯ್ದು ಸವದತ್ತಿಗೆ ಹೋಗುವ ರಸ್ತೆಯ ಬದಿಗೆ ಬನದ ಹುಣ್ಣಿಮೆಯ ಅಥವಾ ಭರತ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಒಂದು ತಾಸು ನಿಂತು ನೋಡಬೇಕು. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೊರಟ ಸಂಸಾರಗಳು ಮನೆಯನ್ನೇ ಗಾಲಿಗಳ ಮೇಲೆ ಹೇರಿಕೊಂಡು ಹೋಗುತ್ತಿರುತ್ತವೆ. ಕಮಾನು ಕಟ್ಟಿ ತಾಡಪತ್ರಿ ಹೊದಿಸಿದ ಚಕ್ಕಡಿ, ಒಳಗೆ ಹುಲ್ಲಿನ ಮೇಲೆ ಹಾಸಿದ ಕೌದಿ, ರೊಟ್ಟಿಯ ಗಂಟು, ಪಡ್ಡಲಗಿ ತುಂಬಿಸಲು ಬೇಕಾದ ಸಾಮಾನು, ಹಿಂದೆ ಕಟ್ಟಿದ ಕೊಡ. ಗುಡ್ಡ ತಲುಪಿದ ಮೇಲೆ ಎತ್ತು ಬಿಚ್ಚಿದರೆ ಅದೇ ಬಂಡಿ ಎರಡು ದಿನದ ಮನೆ. ಈಗ ಚಕ್ಕಡಿಗಳು ಕಡಿಮೆಯಾಗಿ ಅವುಗಳ ಜಾಗಕ್ಕೆ ಟ್ರ್ಯಾಕ್ಟರಿನ ಟ್ರೇಲರುಗಳು ಬಂದಿವೆ. ಕಮಾನು, ತಾಡಪತ್ರಿ, ಕೌದಿ ಹಾಗೆಯೇ ಉಳಿದಿವೆ. ಎಳೆಯುವವರು ಮಾತ್ರ ಬದಲಾಗಿದ್ದಾರೆ.

ಈ ರಸ್ತೆಯ ಮೇಲಿನ ಒಂದು ಹಳ್ಳಿಯ ಒಂದು ಮನೆ. ಹೆಸರು ಬೇಡ, ಅಂಥ ಮನೆಗಳು ಊರಿಗೆ ಹತ್ತು ಸಿಗುತ್ತವೆ. ಮನೆಗೆ ಟ್ರ್ಯಾಕ್ಟರು ಬಂದಿದೆ, ಟ್ರೇಲರು ಬರಬೇಕಾಗಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವರ್ಷವರ್ಷವೂ ನಡೆಯುವ ಕೃಷಿ ಮೇಳಕ್ಕೆ ಅಪ್ಪ, ಮಗ ಮತ್ತು ಹತ್ತನೆಯ ತರಗತಿಯಲ್ಲಿ ಓದುವ ಮಗಳು ಹೋಗಿ ನೋಡಿ ಬಂದರು. ಅಲ್ಲಿ ಎರಡು ಬಗೆ. ಒಂದಕ್ಕೆ ಎರಡು ಗಾಲಿ, ಇನ್ನೊಂದಕ್ಕೆ ನಾಲ್ಕು. ರಾತ್ರಿ ಊಟದ ಹೊತ್ತಿಗೆ ವಾದ ಶುರುವಾಯಿತು.

“ನಾಕು ಕಾಲಿನ ಮಂಚ ಗಟ್ಟಿನೋ, ಎರಡು ಕಾಲಿಂದೋ? ಇದನ್ನೇನು ಕೇಳೂದು?” ಎಂದು ಅಪ್ಪ. “ಅದನ್ನ ಹಿಂದಕ್ಕ ಸರಸಾಕ ನಿನಗ ಬರ್ತೇತೇನಪ್ಪಾ?” ಎಂದು ಮಗ. ಅಜ್ಜಿಯದು ಬೇರೆಯೇ ಮಾತು: “ಯಾವುದರ ತಗೋರಿ. ಹುಣ್ಣಿವಿಗೆ ಮನಿಮಂದಿ ಎಲ್ಲಾ ಕೂಡಿ ಗುಡ್ಡಕ್ಕ ಹೋಗುವಂಗ ಇರಬೇಕು.”

ಮಗಳು ಸುಮ್ಮನಿದ್ದಳು. ಸನ್ನೆಯ ಪಾಠ ಅವಳಿಗೆ ಶಾಲೆಯಲ್ಲಿ ಆಗಿತ್ತು. ಪುಸ್ತಕದ ಸನ್ನೆಗೂ ಅಂಗಳದ ಟ್ರೇಲರಿಗೂ ಸಂಬಂಧವಿದೆಯೆಂದು ಆಗ ಅವಳಿಗೆ ಹೊಳೆದಿರಲಿಲ್ಲ. ಹೊಳೆಯಿಸಿದವನು ಅಜ್ಜ.

ಚಕ್ಕಡಿ ಕಲಿಸಿದ ಪಾಠ

ಅಜ್ಜ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಚಕ್ಕಡಿಗೆ ಚೀಲ ಹೇರುವಾಗ ಅವನು ಪ್ರತಿ ಸಲ ಒಂದು ಕೆಲಸ ಮಾಡುತ್ತಿದ್ದ. ಎತ್ತು ಹೂಡುವ ಮೊದಲು ನೊಗವನ್ನು ಕೈಯಿಂದ ಎತ್ತಿ ನೋಡುತ್ತಿದ್ದ. ನೊಗ ಬಹಳ ಭಾರವಾಗಿದ್ದರೆ ಒಂದು ಚೀಲ ಹಿಂದಕ್ಕೆ, ತಾನಾಗಿ ಮೇಲಕ್ಕೆ ಏಳುವಂತಿದ್ದರೆ ಒಂದು ಚೀಲ ಮುಂದಕ್ಕೆ. “ಮುಂಭಾರ ಆದರ ಎತ್ತಿನ ಹೆಗಲು ಹೋಗತೈತಿ, ಹಿಂಭಾರ ಆದರ ಕೊಳ್ಳು ಹೋಗತೈತಿ” ಎನ್ನುವುದು ಅವನ ಲೆಕ್ಕ. ಹಿಂಭಾರವಾದ ಬಂಡಿಯ ನೊಗ ಮೇಲಕ್ಕೆದ್ದು, ಕೊರಳಿನ ಕೆಳಗೆ ಕಟ್ಟಿದ ಹಗ್ಗ ಎತ್ತುಗಳ ಗಂಟಲನ್ನು ಬಿಗಿಯುತ್ತದೆ.

ಇದು ಸನ್ನೆಯ ತತ್ವವಲ್ಲದೆ ಬೇರೇನೂ ಅಲ್ಲ. ಗಾಲಿಗಳ ಅಚ್ಚೇ ಆಧಾರ ಬಿಂದು. ನೊಗ ಅಚ್ಚಿನಿಂದ 9 ಅಡಿ ಮುಂದಿದೆ ಎಂದಿಟ್ಟುಕೊಳ್ಳಿ. 900 ಕಿಲೋ ಹೇರಿನ ಗುರುತ್ವ ಕೇಂದ್ರ ಅಚ್ಚಿಗಿಂತ 3 ಅಂಗುಲ, ಅಂದರೆ ಕಾಲು ಅಡಿ ಮುಂದಿದ್ದರೆ ನೊಗದ ಮೇಲೆ ಬೀಳುವ ಭಾರ 900ನ್ನು ಕಾಲಿನಿಂದ ಗುಣಿಸಿ 9ರಿಂದ ಭಾಗಿಸಿದಷ್ಟು. ಅದು 25 ಕಿಲೋ. ಎರಡೂ ಎತ್ತುಗಳಿಗೆ ಹಂಚಿದರೆ ಹನ್ನೆರಡೂವರೆ ಕಿಲೋ, ಸಲೀಸು. ಅದೇ ಹೇರು ಒಂದಡಿ ಮುಂದೆ ಸರಿದರೆ ಭಾರ 100 ಕಿಲೋ. ಪ್ರತಿ ಎತ್ತಿನ ಹೆಗಲಿಗೂ ಅರ್ಧ ಕ್ವಿಂಟಲ್ ಚೀಲ ಹೊರಿಸಿದಂತೆ. ಒಟ್ಟು ಹೇರು ಒಂದು ಕಾಳಿನಷ್ಟೂ ಹೆಚ್ಚಾಗಿಲ್ಲ, ಸ್ಥಾನ ಮಾತ್ರ ಬದಲಾಗಿದೆ. ಎತ್ತಿನ ಹೆಗಲು ಹುಣ್ಣಾಗುವುದಕ್ಕೆ ಹೇರಿನ ತೂಕಕ್ಕಿಂತ ಎಷ್ಟೋ ಸಲ ಹೇರುವ ರೀತಿಯೇ ಕಾರಣ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯನ್ನು ಗಂಭೀರ ಅಧ್ಯಯನದ ವಿಷಯವನ್ನಾಗಿ ಎತ್ತಿಕೊಂಡು, ನೊಗವನ್ನೂ ಗಾಲಿಯನ್ನೂ ಸುಧಾರಿಸಬೇಕೆಂದು ವರ್ಷಗಟ್ಟಲೆ ಹೇಳುತ್ತ ಬಂದದ್ದು ಈ ಮೂಕ ಪ್ರಾಣಿಗಳ ಕಷ್ಟವನ್ನು ಕಂಡೇ.

ಎರಡು ಗಾಲಿಯ ಟ್ರೇಲರು

ಈಗ ಎತ್ತುಗಳ ಜಾಗದಲ್ಲಿ ಟ್ರ್ಯಾಕ್ಟರನ್ನು ಇಡಿ. ಎರಡು ಗಾಲಿಯ ಟ್ರೇಲರು ಚಕ್ಕಡಿಯ ತಮ್ಮನೇ. ಅದರ ಹೇರಿನ ಒಂದು ಪಾಲು ಟ್ರ್ಯಾಕ್ಟರಿನ ಹಿಂದಿನ ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿಯಿಂದ ಅಚ್ಚು 10 ಅಡಿ ಹಿಂದೆ ಇದೆ, ಹೇರು 3,000 ಕಿಲೋ ಇದೆ ಎನ್ನಿ. ಹೇರಿನ ಗುರುತ್ವ ಕೇಂದ್ರ ಅಚ್ಚಿಗಿಂತ ಒಂದಡಿ ಮುಂದಿದ್ದರೆ ಕೊಂಡಿಯ ಮೇಲೆ 300 ಕಿಲೋ. ಈ ಭಾರ ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಕೆಸರಿನಲ್ಲಿ ಗಾಲಿ ಜಾರದೆ ನೆಲ ಕಚ್ಚಿ ಎಳೆಯಲು ಇದರಿಂದ ಅನುಕೂಲ. ನವಲಗುಂದದ ಕಡೆಯ ಎರೆ ಹೊಲಗಳಲ್ಲಿ ಮಳೆ ಬಿದ್ದ ಮರುದಿನ ಟ್ರ್ಯಾಕ್ಟರು ಓಡಿಸಿದವರಿಗೆ ಇದರ ಬೆಲೆ ಗೊತ್ತು.

ಆದರೆ ಅದೇ ಹೇರು ಅಚ್ಚಿಗಿಂತ ಒಂದಡಿ ಹಿಂದೆ ಬಿದ್ದರೆ? ಆಗ ಕೊಂಡಿಯನ್ನು 300 ಕಿಲೋ ಬಲ ಮೇಲಕ್ಕೆ ಎತ್ತುತ್ತದೆ. ಎರಡಡಿ ಜಾಗದ ವ್ಯತ್ಯಾಸ, 600 ಕಿಲೋ ಭಾರದ ವ್ಯತ್ಯಾಸ! ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ಹಗುರಾಗಿ ಹಿಡಿತ ಕಳೆದುಕೊಳ್ಳುತ್ತವೆ. ಎಳೆಯುವ ಹಿಡಿತವೂ ಹೋಯಿತು, ನಿಲ್ಲಿಸುವ ಹಿಡಿತವೂ ಹೋಯಿತು. ರಸ್ತೆಯಲ್ಲಿ ವೇಗ ಏರಿದರಂತೂ ಇಂಥ ಟ್ರೇಲರಿನ ಹಿಂಭಾಗ ಹಾವಿನಂತೆ ಎಡಬಲಕ್ಕೆ ಆಡತೊಡಗುತ್ತದೆ.

ಹಾಗಾದರೆ ಮುಂದೆಯೇ ಹೇರಿಬಿಡೋಣವೇ? ಅದೂ ಆಗದು. ಕೊಂಡಿ ಇರುವುದು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಹಿಂದೆ. ಅಲ್ಲಿ ಭಾರ ಬಿದ್ದಷ್ಟೂ ಹಿಂದಿನ ಅಚ್ಚೇ ಆಧಾರ ಬಿಂದುವಾಗಿ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆ ಏಳಲು ನೋಡುತ್ತದೆ. ಕೊಂಡಿ ಅಚ್ಚಿನಿಂದ 2 ಅಡಿ ಹಿಂದಿದ್ದು, ಮುಂದಿನ ಗಾಲಿಗಳು 6 ಅಡಿ ಮುಂದಿದ್ದರೆ, ಕೊಂಡಿಯ ಮೇಲಿನ 900 ಕಿಲೋ ಭಾರ ಮುಂದಿನ ಗಾಲಿಗಳಿಂದ 300 ಕಿಲೋ ಕಸಿದುಕೊಳ್ಳುತ್ತದೆ. ತಿರುಗಿಸುವ ಗಾಲಿಗಳೇ ಹಗುರಾದರೆ ಸ್ಟೇರಿಂಗ್ ತಿರುವಿಯೂ ಉಪಯೋಗವಿಲ್ಲ. ಏರು ಹತ್ತುವಾಗ ಮೂತಿ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚಿಕೊಂಡ ಸುದ್ದಿಗಳು ಇದರಿಂದಲೇ ಹುಟ್ಟುವವು. ಟ್ರೇಲರನ್ನು ಯಾವಾಗಲೂ ಕೆಳಗಿನ ಕೊಂಡಿಗೇ ಜೋಡಿಸಬೇಕು, ಅಚ್ಚಿಗಿಂತ ಎತ್ತರದ ಯಾವ ಜಾಗಕ್ಕೂ ಸರಪಳಿ ಬಿಗಿದು ಎಳೆಯಬಾರದು ಎಂದು ತಿಳಿದವರು ಹೇಳುವುದೂ ಈ ಕಾರಣಕ್ಕೇ.

ನಾಲ್ಕು ಗಾಲಿಯೊಳಗಿನ ಐದನೆಯ ಗಾಲಿ

ನಾಲ್ಕು ಗಾಲಿಯ ಟ್ರೇಲರಿಗೆ ಈ ತಾಪತ್ರಯ ಇಲ್ಲ. ಹೇರು ಪೂರ್ತಿ ಅದರ ಸ್ವಂತ ಗಾಲಿಗಳ ಮೇಲೆಯೇ ನಿಲ್ಲುತ್ತದೆ. ಟ್ರ್ಯಾಕ್ಟರು ಬಿಚ್ಚಿದರೂ ಅದು ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. 6 ಟನ್ ಭಾರ ನಾಲ್ಕು ಟೈರುಗಳಿಗೆ ಹಂಚಿಹೋಗುವುದರಿಂದ ಒಂದೊಂದಕ್ಕೆ ಒಂದೂವರೆ ಟನ್ ಮಾತ್ರ. ಅಪ್ಪನ ಮಂಚದ ಮಾತು ಇಲ್ಲಿಯವರೆಗೆ ಸರಿ.

ಆದರೆ ನಾಲ್ಕು ಗಾಲಿಯ ಗಾಡಿ ತಿರುಗುವುದು ಹೇಗೆ? ಬಗ್ಗಿ ನೋಡಿದರೆ ಮುಂದಿನ ಅಚ್ಚಿನ ಮೇಲೆ ಅಡ್ಡಲಾಗಿ ಮಲಗಿಸಿದ ಒಂದು ದುಂಡನೆಯ ಕಬ್ಬಿಣದ ಬಳೆ ಕಾಣುತ್ತದೆ. ಎಳೆಯುವ ದಂಡ ಹೊರಳಿದತ್ತ ಮುಂದಿನ ಅಚ್ಚು ಈ ಬಳೆಯ ಮೇಲೆ ತಿರುಗುತ್ತದೆ. ಹಿಂದಿನ ಕಾಲದ ಕುದುರೆ ಸಾರೋಟಿನಲ್ಲಿಯೂ ಇದೇ ವ್ಯವಸ್ಥೆ ಇತ್ತು. ನೆಲದ ಮೇಲೆ ಉರುಳುವ ನಾಲ್ಕು ಗಾಲಿಗಳ ಜೊತೆಗೆ ಮಲಗಿದ ಇದನ್ನೂ ಲೆಕ್ಕಕ್ಕೆ ಹಿಡಿದು ಇಂಗ್ಲಿಷರು ‘ಐದನೆಯ ಗಾಲಿ’ ಎಂದು ಕರೆದರು. ಆ ಹೆಸರು ಇಂದಿಗೂ ಬದುಕಿದೆ. ಹುಬ್ಬಳ್ಳಿಯ ಗಬ್ಬೂರ ಕ್ರಾಸಿನ ಆಚೀಚೆ ನಿಂತ ಕಂಟೇನರ್ ಲಾರಿಗಳಲ್ಲಿ, ಮುಂದಿನ ಎಳೆಯುವ ಗಾಡಿಯ ಬೆನ್ನ ಮೇಲೆ ಗ್ರೀಸು ಬಳಿದ ಒಂದು ದಪ್ಪ ಕಬ್ಬಿಣದ ತಟ್ಟೆ ಇರುತ್ತದೆ. ಟ್ರೇಲರಿನ ಕೆಳಗಿನ ಎರಡು ಅಂಗುಲ ದಪ್ಪದ ಗೂಟ ಅದರ ಸೀಳಿನಲ್ಲಿ ಬಂದು ಕೂಡುತ್ತದೆ. ಅದಕ್ಕೂ ಐದನೆಯ ಗಾಲಿ ಎಂದೇ ಹೆಸರು.

ಅಮೆರಿಕದಲ್ಲಿ ರಜೆ ಬಂತೆಂದರೆ ಅನೇಕ ಕುಟುಂಬಗಳು ಅಡಿಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಲಿಮನೆಯನ್ನು ಎಳೆದುಕೊಂಡು ಊರೂರು ಸುತ್ತುತ್ತವೆ. ನಮ್ಮ ಕಮಾನಿನ ಚಕ್ಕಡಿಯ ಸಿರಿವಂತ ನೆಂಟನೆನ್ನಬೇಕು. ವಿಮಾನದ ಆದಿಕಾಲದ ಸಾಹಸಿಗಳಲ್ಲಿ ಒಬ್ಬನಾದ ಗ್ಲೆನ್ ಕರ್ಟಿಸ್ 1920ರ ದಶಕದಲ್ಲಿ ಇಂಥ ಗಾಲಿಮನೆಗಳನ್ನು ಐದನೆಯ ಗಾಲಿಯ ಕೊಂಡಿಗೆ ಜೋಡಿಸಿ ಮಾರಿದ. ಅದರ ಗುಟ್ಟು ಇಷ್ಟೇ: ಕೊಂಡಿಯನ್ನು ಎಳೆಯುವ ಗಾಡಿಯ ಬಾಲಕ್ಕೆ ಕಟ್ಟದೆ ಅದರ ಹಿಂದಿನ ಅಚ್ಚಿನ ನೇರ ಮೇಲೆ ಕೂಡಿಸುವುದು. ಆಗ ಎಷ್ಟು ಭಾರ ಬಿದ್ದರೂ ಮೂತಿ ಏಳುವ ಪ್ರಶ್ನೆಯೇ ಇಲ್ಲ. ಬಾಲಕ್ಕೆ ಕಟ್ಟಿದ ಟ್ರೇಲರಿನಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು, ಅಚ್ಚಿನ ಮೇಲೆ ಕೂಡಿಸಿದ್ದರಲ್ಲಿ ಶೇ. 15ರಿಂದ 25ರಷ್ಟು ಭಾರ ಕೊಂಡಿಯ ಮೇಲೆ ಇರಬೇಕೆಂದು ಅಲ್ಲಿಯವರ ರೂಢಿಯ ಲೆಕ್ಕ. ನೊಗ ಎತ್ತಿ ನೋಡುತ್ತಿದ್ದ ಅಜ್ಜನ ಲೆಕ್ಕವೂ ಇದೇ ಜಾತಿಯದು, ಶೇಕಡಾವಾರು ಬರೆದಿಟ್ಟಿರಲಿಲ್ಲ ಅಷ್ಟೇ.

ಮಂಚದ ನಾಲ್ಕನೆಯ ಕಾಲು

ಅಪ್ಪನ ಮಂಚಕ್ಕೆ ಈಗ ಒಂದು ತಕರಾರು. ಮಂಚದ ಕಾಲು ಅಲುಗುವುದಿಲ್ಲ, ಟ್ರೇಲರಿನ ಮುಂದಿನ ಕಾಲುಗಳು ತಿರುಗುತ್ತವೆ. ಬಹಳ ಗಿಡ್ಡ ತಿರುವಿನಲ್ಲಿ ಮುಂದಿನ ಅಚ್ಚು ಹೆಚ್ಚು ಕಡಿಮೆ ಅಡ್ಡಲಾಗಿ ನಿಂತಾಗ ಅದರ ಎರಡೂ ಗಾಲಿಗಳು ಗಾಡಿಯ ನಡುಗೆರೆಯ ಮೇಲೆ ಬಂದುಬಿಡುತ್ತವೆ. ಆಗ ನಾಲ್ಕು ಕಾಲಿನ ಮಂಚ ಮೂರು ಕಾಲಿನ ಮಣೆಯಂತಾಗುತ್ತದೆ. ಮೇಲೆ ಎತ್ತರಕ್ಕೆ ಹೇರು ಇದ್ದರೆ ಮುಂದಿನ ಮೂಲೆಯ ಕಡೆಗೆ ಮಗುಚುವುದು ಸುಲಭ.

ಮಗ ಹೇಳಿದ ಮಾತೂ ನಿಜವೇ. ಎರಡು ಗಾಲಿಯದಕ್ಕೆ ಬಾಗುವ ಕೀಲು ಒಂದೇ, ಕೊಂಡಿಯ ಹತ್ತಿರ. ನಾಲ್ಕು ಗಾಲಿಯದಕ್ಕೆ ಎರಡು: ಕೊಂಡಿಯಲ್ಲೊಂದು, ಬಳೆಯಲ್ಲೊಂದು. ಎಳೆಯುವಾಗ ಎರಡೂ ಸರಿಯಾಗಿಯೇ ಹಿಂಬಾಲಿಸುತ್ತವೆ. ಹಿಂದಕ್ಕೆ ನೂಕುವಾಗ ಎರಡು ಕೀಲುಗಳು ಒಂದಕ್ಕೊಂದು ವಿರುದ್ಧವಾಗಿ ಮಡಚಿಕೊಳ್ಳುತ್ತವೆ. ಒಂದು ಉದ್ದ ಕೋಲನ್ನು ಬೆರಳಿನ ಮೇಲೆ ನಿಲ್ಲಿಸುವುದೇ ಕಷ್ಟ, ಕೋಲಿನ ಮೇಲೆ ಇನ್ನೊಂದು ಕೋಲು ನಿಲ್ಲಿಸಿದಂತೆ ಅದು. ಹಳ್ಳಿಯ ಓಣಿಯಲ್ಲಿ, ಹಗೇವು ಕಣಜಗಳ ಸಂದಿಯಲ್ಲಿ, ದಿನಕ್ಕೆ ನಾಲ್ಕು ಸಲ ಹಿಂದಕ್ಕೆ ಸರಿಸಬೇಕಾದವನಿಗೆ ಇದು ಸಣ್ಣ ವಿಷಯವಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬ್ರೇಕು

ಕೊಳ್ಳುವವರು ಟೈರು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಪತ್ರೆಯ ದಪ್ಪ ತಟ್ಟಿ ನೋಡುತ್ತಾರೆ. ಟ್ರೇಲರಿಗೆ ತನ್ನದೇ ಆದ ಬ್ರೇಕು ಇದೆಯೇ ಎಂದು ಕೇಳುವವರು ಕಡಿಮೆ.

ಒಂದು ಲೆಕ್ಕ ಮಾಡೋಣ. ಟ್ರ್ಯಾಕ್ಟರು 2 ಟನ್, ಹೇರು ಸಹಿತ ಟ್ರೇಲರು 6 ಟನ್, ವೇಗ ಗಂಟೆಗೆ 25 ಕಿ.ಮೀ. ಒಣ ರಸ್ತೆಯಲ್ಲಿ ಘರ್ಷಣೆಯ ಗುಣಾಂಕ 0.6 ಎಂದು ಹಿಡಿಯಿರಿ. ಎಲ್ಲ ಗಾಲಿಗಳಿಗೂ ಬ್ರೇಕು ಇದ್ದರೆ ಗಾಡಿ ಸುಮಾರು 4 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕು ಟ್ರ್ಯಾಕ್ಟರಿಗೆ ಮಾತ್ರ ಇದ್ದರೆ 2 ಟನ್ನಿನ ಹಿಡಿತ 8 ಟನ್ನನ್ನು ತಡೆಯಬೇಕು. ಬೇಕಾಗುವ ದೂರ ನಾಲ್ಕು ಪಟ್ಟು, ಸುಮಾರು 16 ಮೀಟರು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಗಾಲಿಗಳಿಗೆ ಮಾತ್ರವಾದ್ದರಿಂದ ನಿಜವಾದ ದೂರ ಇನ್ನೂ ಹೆಚ್ಚು. ಎದುರಿಗೆ ಮಗು ಅಡ್ಡ ಬಂದರೆ ಈ 12 ಮೀಟರುಗಳೇ ಬದುಕು ಸಾವಿನ ನಡುವಿನ ಅಂತರ. ಇಳಿಜಾರಿನಲ್ಲಿ ಬ್ರೇಕು ಇಲ್ಲದ ಟ್ರೇಲರು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ, ಚೂರಿ ಮಡಚಿದ ಹಾಗೆ ಅದನ್ನು ಅಡ್ಡ ತಿರುಗಿಸಿಬಿಡುತ್ತದೆ.

ಇನ್ನೊಂದು ಸಂಗತಿ. ಹೊಲದಲ್ಲಿ ಗಕ್ಕನೆ ತಿರುಗಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಪ್ರತ್ಯೇಕ ಬ್ರೇಕ್ ಪೆಡಲು ಇರುತ್ತವೆ. ರಸ್ತೆಗೆ ಬಂದೊಡನೆ ಎರಡನ್ನೂ ಕೂಡಿಸುವ ಚಿಲಕ ಹಾಕಲೇಬೇಕು. ಮರೆತು ಒಂದನ್ನೇ ತುಳಿದರೆ ಒಂದೇ ಗಾಲಿ ನಿಂತು ಗಾಡಿ ಪಲ್ಟಿ ಹೊಡೆಯುತ್ತದೆ. ಡೀಸೆಲ್ ಉಳಿಯಲೆಂದು ಇಳಿಜಾರಿನಲ್ಲಿ ಗೇರು ತೆಗೆದು ಬಿಡುವುದೂ ಅಷ್ಟೇ ಅಪಾಯ. ಗೇರಿನಲ್ಲಿದ್ದಾಗ ಎಂಜಿನ್ನೇ ಒಂದು ಬ್ರೇಕು.

ಚೀಲ ಕೂಡುವುದು ಬೇರೆ, ಮಂದಿ ಕೂಡುವುದು ಬೇರೆ

ಇನ್ನು ಅಜ್ಜಿಯ ಮಾತು. ಮನೆಮಂದಿಯನ್ನೆಲ್ಲ ಟ್ರೇಲರಿನಲ್ಲಿ ಕೂಡಿಸಿದರೆ ಏನಾಗುತ್ತದೆ?

ಮಗಳು ಇದನ್ನೂ ಲೆಕ್ಕ ಹಾಕಿದಳು. ಗಾಲಿಯಿಂದ ಗಾಲಿಗೆ ಅಗಲ ಒಂದೂವರೆ ಮೀಟರು. ಹೇರಿನ ಗುರುತ್ವ ಕೇಂದ್ರ ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿದೆ. 20 ಮೀಟರು ತ್ರಿಜ್ಯದ ತಿರುವಿನಲ್ಲಿ ಇದು ಮಗುಚುವ ವೇಗ ಗಂಟೆಗೆ ಸುಮಾರು 36 ಕಿ.ಮೀ. ಚೀಲಗಳ ಮೇಲೆ ಮಂದಿ ಕುಳಿತು ಗುರುತ್ವ ಕೇಂದ್ರ 2 ಮೀಟರಿಗೆ ಏರಿದರೆ ಆ ವೇಗ 31ಕ್ಕೆ ಇಳಿಯುತ್ತದೆ. ಇದು ರಸ್ತೆ ಸಪಾಟಾಗಿದ್ದರೆ. ಒಂದು ಗಾಲಿ ತಗ್ಗಿಗೆ ಇಳಿದರೆ, ಅಂಚಿನ ಮಣ್ಣು ಕುಸಿದರೆ ಅದಕ್ಕಿಂತ ಎಷ್ಟೋ ಕಡಿಮೆ ವೇಗವೇ ಸಾಕು. ಮೇಲಾಗಿ ಜೋಳದ ಚೀಲ ಹಗ್ಗ ಬಿಗಿದಲ್ಲಿಯೇ ಇರುತ್ತದೆ. ಮನುಷ್ಯ ಹಾಗಲ್ಲ. ನೋಡುವಂಥದ್ದು ಏನಾದರೂ ಕಂಡರೆ ಎಲ್ಲರೂ ಒಂದೇ ಬದಿಗೆ ವಾಲುತ್ತಾರೆ. ಹುಡುಗರು ಹಿಂದಿನ ಫಳಿಯ ಮೇಲೆ ಕಾಲು ಇಳಿಬಿಟ್ಟು ಕೂಡುತ್ತಾರೆ, ಅಂದರೆ ಹಿಂಭಾರ. ಗುರುತ್ವ ಕೇಂದ್ರವೇ ಓಡಾಡತೊಡಗಿದ ಹಾಗೆ.

ಚಕ್ಕಡಿಯೂ ಮಗುಚುವುದಿಲ್ಲವೇ ಎಂದು ಕೇಳಬಹುದು. ಮಗುಚುತ್ತದೆ. ಆದರೆ ಎತ್ತಿನ ನಡಿಗೆ ಗಂಟೆಗೆ ನಾಲ್ಕು ಕಿ.ಮೀ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. 4ರಿಂದ 24ಕ್ಕೆ ವೇಗ ಏರಿದರೆ, ಅಂದರೆ ಆರು ಪಟ್ಟಾದರೆ, ಚಲನಶಕ್ತಿ ಮೂವತ್ತಾರು ಪಟ್ಟು. ಅಜ್ಜಿ ಚಿಕ್ಕಂದಿನಲ್ಲಿ ಚಕ್ಕಡಿಯಿಂದ ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಎದ್ದಿದ್ದಳು. ಟ್ರೇಲರಿನಿಂದ ಬಿದ್ದವರಿಗೆ ಆ ಭಾಗ್ಯ ಇರಲಾರದು.

ಕಾನೂನಿನ ಮಾತೂ ಇದೇ. ಟ್ರೇಲರು ಸರಕು ಸಾಗಿಸಲು ಇರುವುದು, ಅದರಲ್ಲಿ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಸರಕಿನ ವಾಹನದಲ್ಲಿ ಹಾಗೇ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಪರಿಹಾರ ಕೊಡಲು ಬದ್ಧವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪು ಕೊಟ್ಟಿದೆ. ಅನಾಹುತವಾದರೆ ಹೊಲ ಮಾರಿ ಪರಿಹಾರ ಕಟ್ಟಬೇಕಾದೀತು. ಹೋದ ಜೀವ ಹೊಲ ಮಾರಿದರೂ ಬಾರದು.

ಮಾಡಿ ನೋಡಿ

ಈ ಪಾಠವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಆಟಿಗೆಯ ಕಾರಿನ ಹಿಂದೆ ರಟ್ಟಿನ ಪೆಟ್ಟಿಗೆಯಿಂದ ಮಾಡಿದ ಎರಡು ಗಾಲಿಯ ಟ್ರೇಲರನ್ನು ಕಡ್ಡಿ ಮತ್ತು ಗುಂಡುಸೂಜಿಯಿಂದ ಜೋಡಿಸಿ. ಸೂಜಿಯ ಸುತ್ತ ಕಡ್ಡಿ ಸಡಿಲವಾಗಿ ತಿರುಗುವಂತಿರಲಿ. ಉದ್ದನೆಯ ಹಲಗೆಯನ್ನು ಇಳಿಜಾರಾಗಿ ಇಟ್ಟು ಕಾರನ್ನು ಬಿಡಿ. ಮೊದಲು ನಾಲ್ಕು ನಾಣ್ಯಗಳನ್ನು ಅಚ್ಚಿಗಿಂತ ಸ್ವಲ್ಪ ಮುಂದೆ ಅಂಟಿಸಿ ನೋಡಿ. ಆಮೇಲೆ ಅವೇ ನಾಣ್ಯಗಳನ್ನು ತೀರ ಹಿಂದೆ ಅಂಟಿಸಿ ನೋಡಿ. ಎರಡನೆಯ ಸಲ ಟ್ರೇಲರು ಎಡಬಲಕ್ಕೆ ಹೊಯ್ದಾಡುವುದನ್ನೂ, ಕಾರಿನ ಹಿಂಭಾಗ ಮೇಲಕ್ಕೆ ಏಳಲು ನೋಡುವುದನ್ನೂ ಗಮನಿಸಿ. ಕೊನೆಗೆ ನಾಣ್ಯಗಳನ್ನು ಒಂದು ಬೆಂಕಿಪೆಟ್ಟಿಗೆಯ ಮೇಲೆ ಎತ್ತರಕ್ಕೆ ಇಟ್ಟು ದಾರದಿಂದ ಎಳೆದು ತಿರುಗಿಸಿ ನೋಡಿ. ತಂದೆ ತಾಯಿಗಳು ಜೊತೆಗೆ ಕುಳಿತು ನೋಡಿದರೆ ಇನ್ನೂ ಒಳ್ಳೆಯದು. ಟ್ರೇಲರು ಕೊಳ್ಳುವವರು ಅವರು ತಾನೆ?

ಆ ಮನೆಯಲ್ಲಿ ಏನು ತೀರ್ಮಾನವಾಯಿತು? ಅವರ ಹೊಲದ ದಾರಿ ಇಕ್ಕಟ್ಟು, ಅಂಗಳ ಸಣ್ಣದು. ಒಂದು ಸಲಕ್ಕೆ ಹೇರುವುದು ಉಳ್ಳಾಗಡ್ಡಿಯೋ ಗೋವಿನಜೋಳವೋ ಎರಡು ಮೂರು ಟನ್. ಹೀಗಾಗಿ ಎರಡು ಗಾಲಿಯದೇ ಸಾಕೆಂದಾಯಿತು. ಆದರೆ ಸ್ವಂತ ಬ್ರೇಕು ಇರುವುದೇ ಬೇಕು, ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಇರಲೇಬೇಕು ಎಂದು ಮಗಳು ಹಟ ಹಿಡಿದಳು. ಹೆಚ್ಚು ಹೇರು ಇರುವ, ಡಾಂಬರು ರಸ್ತೆಯ ಮೇಲೆ ದೂರ ಹೋಗುವ, ಹಿಂದೆ ಸರಿಸುವ ಗೊಡವೆ ಇಲ್ಲದ ಮನೆಗೆ ನಾಲ್ಕು ಗಾಲಿಯದೇ ಸರಿ ಎನಿಸಬಹುದು. ಯಾವುದು ಒಳ್ಳೆಯದು ಎಂಬುದಕ್ಕಿಂತ ಯಾವ ಕೆಲಸಕ್ಕೆ ಎಂಬುದೇ ಮೊದಲ ಪ್ರಶ್ನೆ. ಅಂಗಡಿಯವನು ಈ ಪ್ರಶ್ನೆ ಕೇಳುವುದಿಲ್ಲ, ಮನೆಯವರೇ ಕೇಳಿಕೊಳ್ಳಬೇಕು.

ಗುಡ್ಡದ ಪ್ರಯಾಣಕ್ಕೆ ಬೇರೆ ಏರ್ಪಾಡಾಯಿತು. ಪಾತ್ರೆ, ಕಟ್ಟಿಗೆ, ಕೌದಿ, ತಾಡಪತ್ರಿ ಟ್ರೇಲರಿನಲ್ಲಿ ಮುಂದೆ. ಅದನ್ನು ಹೊಡೆಯುವವನು ಒಬ್ಬನೇ, ಮಡ್‌ಗಾರ್ಡಿನ ಮೇಲೂ ಯಾರೂ ಕೂಡುವಂತಿಲ್ಲ. ಮನೆಮಂದಿ ಎಲ್ಲ ಜಾತ್ರೆಗೆ ಬಿಡುವ ವಾಯವ್ಯ ಸಾರಿಗೆಯ ಬಸ್ಸಿನಲ್ಲಿ. ಅಜ್ಜಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆದದ್ದನ್ನು ಮೊಮ್ಮಗಳು ನೆನಪಿಸಿದ ಮೇಲೆ ಸ್ವಲ್ಪ ಸಡಿಲಾದಳು.

“ಆತು ಬಿಡವಾ, ಬಸ್ಸಿನ್ಯಾಗ ಹೋಗೂಣು. ಆದರ ಗುಡ್ಡದಾಗ ಮಲಗೂದು ಮಾತ್ರ ಕಮಾನಿನ ಕೆಳಗ” ಎಂದಳು.

ಅದಕ್ಕೆ ಯಾರ ತಕರಾರೂ ಇರಲಿಲ್ಲ. ನಿಂತ ಟ್ರೇಲರು, ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಆಧಾರದ ಕಾಲು ಇಳಿಸಿದ್ದು. ಅದರ ವೇಗ ಸೊನ್ನೆ, ಚಲನಶಕ್ತಿಯೂ ಸೊನ್ನೆ.